ಬಡ್ಜಿ ಕಚ್ಚಿದ್ರೆ ಮಡಕೆ ಕಟ್ಬೇಕಾ? ಸತ್ಯಾಂಶ

ನಮ್ಮ ಬಸವನಗುಡಿ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬಡ್ಜಿ (ನಾವು ಲವ್ ಬರ್ಡ್ಸ್ ಅಂತ ಕರೆಯೋ ಪುಟ್ಟ ಗಿಳಿ) ಬಗ್ಗೆ ಮತ್ತೆ ಅದೇ ಫಾರ್ವರ್ಡ್, "ಬಡ್ಜಿ ಸಿಕ್ಕಾಪಟ್ಟೆ ಕಚ್ತಿದ್ರೆ ಪಂಜರದಲ್ಲಿ ಮಡಕೆ ಕಟ್ಟಿ, ಶಾಂತ ಆಗುತ್ತೆ" ಅಂತ. ಇದು ತಪ್ಪು, ದಯವಿಟ್ಟು ಮಾಡ್ಬೇಡಿ.

ಬಡ್ಜಿ ಮೂಲತಃ ಆಸ್ಟ್ರೇಲಿಯಾದ ಒಣ ಪ್ರದೇಶದ್ದು, ಅಲ್ಲಿ ಮಳೆ ಬಿದ್ದು ಹುಲ್ಲುಬೀಜ ಚೆನ್ನಾಗಿ ಸಿಕ್ಕಾಗ ಮರದ ಪೊಟರೆ ಹುಡುಕಿ ಮೊಟ್ಟೆ ಇಡುತ್ತೆ, ಅಂದ್ರೆ ಕತ್ತಲಿರೋ ಪೊಟರೆ ಥರದ ಜಾಗ ಕಂಡ್ರೆ ಮರಿ ಮಾಡೋ ಟೈಮ್ ಬಂತು ಅಂತ ಅದರ ಮೈಗೆ ಸಿಗ್ನಲ್. ಮಡಕೆಯೂ ಅಂಥದ್ದೇ ಜಾಗ, ಕಟ್ಟಿದ್ರೆ ಕಚ್ಚೋ ಹಾಗೆ ಮಾಡೋ ಹಾರ್ಮೋನ್ ಇನ್ನೂ ಏರುತ್ತೆ. ಗಂಡಿಲ್ದೇನೂ ಹೆಣ್ಣು ಮೊಟ್ಟೆ ಇಡುತ್ತೆ, ಪದೇ ಪದೇ ಇಟ್ರೆ ಕ್ಯಾಲ್ಸಿಯಂ ಖಾಲಿಯಾಗಿ ಮೊಟ್ಟೆ ಒಳಗೇ ಸಿಕ್ಕಾಕೊಂಡು ಜೀವಾನೇ ಹೋಗ್ಬಹುದು.

ನಮ್ಮ ಹೆಣ್ಣು ಬಡ್ಜಿಗೆ ಮೂಗಿನ ಭಾಗ ಕಂದು ಬಣ್ಣಕ್ಕೆ ತಿರುಗಿ ಒರಟಾಗಿತ್ತು, ಬಿಟ್ರೆ ಸಾಕು ಸೋಫಾ ಕೆಳಗೆ ನುಗ್ತಿತ್ತು, ಇವೂ ಅದೇ ಹಾರ್ಮೋನ್ ಲಕ್ಷಣ. ಮರಿ ಮಾಡೋ ಸಿಗ್ನಲ್ ಕಮ್ಮಿ ಮಾಡೋಕೆ ಕನ್ನಡಿ ತೆಗೆದ್ವಿ, ಟಿವಿ ಇರೋ ಹಾಲಿಂದ ಪಂಜರ ಒಳಗಿನ ರೂಮಿಗೆ ಹಾಕಿ ಸಂಜೆ 7ಕ್ಕೆ ಲೈಟ್ ಆಫ್, 12 ಗಂಟೆ ಕತ್ತಲು. ಬೆನ್ನು ಸವರೋದು ಬಿಟ್ಟು ತಲೆ ಮಾತ್ರ ಕೆರೀತೀವಿ. ಕೆಲವು ವಾರದಲ್ಲಿ ಕಚ್ಚೋದು ಕಮ್ಮಿ ಆಯ್ತು.

ಆಗ್ಲೇ ಮೊಟ್ಟೆ ಇಟ್ಟಿದ್ರೆ ತಕ್ಷಣ ತೆಗೀಬೇಡಿ, ತೆಗೆದ್ರೆ ಇನ್ನೊಂದು ಇಡಬಹುದು. ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂತು ಮುಕ್ಕರೀತಿದ್ರೆ ಮಾತ್ರ ಕಾಯ್ಬೇಡಿ, ಅವತ್ತೇ ಹಕ್ಕಿ ನೋಡೋ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.