ಮೂಲನಿವಾಸಿಗಳೊಂದಿಗೆ ಒಪ್ಪಂದ: ಆಸ್ಟ್ರೇಲಿಯಾದಲ್ಲಿ ಜನಮತಗಣನೆ ಬೇಕೇ?

ಪರ: ಒಪ್ಪಂದ ಬಾಳಬೇಕಾದರೆ ಜನರನ್ನು ಕೇಳಬೇಕು

ಮೂಲನಿವಾಸಿಗಳ ಸಲಹಾ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾವವನ್ನು 2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯಾದ ಶೇ 60ರಷ್ಟು ಮತದಾರರು ತಿರಸ್ಕರಿಸಿದರು. ಆರು ರಾಜ್ಯಗಳಲ್ಲಿ ಒಂದೂ ಅದನ್ನು ಒಪ್ಪಲಿಲ್ಲ. ಆದರೂ 2025ರಲ್ಲಿ ವಿಕ್ಟೋರಿಯಾ ರಾಜ್ಯದ ಶಾಸನಸಭೆ ಮತದಾರರನ್ನು ಕೇಳದೆಯೇ ಮೂಲನಿವಾಸಿಗಳೊಂದಿಗಿನ ಒಪ್ಪಂದದ ಕಾಯ್ದೆಯನ್ನು ಅಂಗೀಕರಿಸಿತು. ಒಪ್ಪಂದವೇ ತಪ್ಪೆಂದು ನಾನು ಹೇಳಲಾರೆ. ಅದು ಆಗಬೇಕೆಂಬುದೇ ನನ್ನ ಆಸೆ. ಆದರೆ ಶಾಸನಸಭೆಯ ಬಹುಮತವೊಂದನ್ನೇ ನಂಬಿ ಮಾಡಿದ್ದು ಎಷ್ಟು ಕಾಲ ಉಳಿದೀತು? ಇನ್ನೊಂದು ರಾಜ್ಯವಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2023ರ ಮೇ ತಿಂಗಳಲ್ಲಿ ಇಂಥದೇ ಕಾಯ್ದೆಗೆ ಮತ ಕೊಟ್ಟಿದ್ದ ವಿರೋಧ ಪಕ್ಷ, ಅಕ್ಟೋಬರಿನ ಫಲಿತಾಂಶ ಕಂಡು ಹಿಂದೆ ಸರಿದು, ಮರುವರ್ಷ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಅದನ್ನು ರದ್ದುಮಾಡಿತು. ಜನರೇ ಮುದ್ರೆ ಒತ್ತಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ. ಜನ ಒಪ್ಪದಿದ್ದರೇನು ಗತಿ ಎನ್ನುವವರಿಗೆ, ಒಪ್ಪಿಸುವುದು ನಾಯಕರ ಕೆಲಸ ಎಂದಷ್ಟೇ ಹೇಳಬಲ್ಲೆ.

ವಿರೋಧ: ಕಳೆದುಕೊಂಡವರ ಪಾಲು, ಪಡೆದವರ ಮತ

ಹೆಚ್ಚು ಜನ ಕೈಯೆತ್ತಿದ್ದೇ ನ್ಯಾಯ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ 4ಕ್ಕಿಂತ ಕಡಿಮೆ. ನೆಲ ಕಳೆದುಕೊಂಡ ಅವರಿಗೆ ಏನು ಸಲ್ಲಬೇಕೆಂಬುದನ್ನು, ಆ ನೆಲದಲ್ಲಿ ಮನೆ ಕಟ್ಟಿಕೊಂಡಿರುವ ನಾವೆಲ್ಲ ಸೇರಿ ಮತಪೆಟ್ಟಿಗೆಯಲ್ಲಿ ತೀರ್ಮಾನಿಸುವುದು ಯಾವ ಧರ್ಮ? 2022ರಲ್ಲಿ ಭಾರತದೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ ಮೆಲ್ಬರ್ನಿನ ನಾವು ಹಿಗ್ಗಿದೆವೇ ಹೊರತು ಜನಮತಗಣನೆ ಎಲ್ಲಿ ಎಂದು ಕೇಳಲಿಲ್ಲ.

2023ರ ಮತದಾನದ ದಿನ ಶಾಲೆಯೊಂದರ ಅಂಗಳದ ಸರದಿಯಲ್ಲಿ ನನ್ನ ಹಿಂದೆ ದಾವಣಗೆರೆ ಕಡೆಯ ಹಿರಿಯರೊಬ್ಬರಿದ್ದರು. "ಇದಕ್ಕೆ ಹೂಂ ಅಂದ್ರೆ ನಮ್ಮ ಹಿತ್ತಲಿಗೂ ಅವರು ಹಕ್ಕು ಕೇಳ್ತಾರಂತೆ, ಹೌದೇನಮ್ಮಾ?" ಎಂದರು. ಮತಪತ್ರದಲ್ಲಿ ನೆಲದ ಪ್ರಸ್ತಾಪವೇ ಇರಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದ 1992ರ ಮಾಬೊ ತೀರ್ಪು ಎತ್ತಿಹಿಡಿದ ಮೂಲನಿವಾಸಿಗಳ ಭೂಹಕ್ಕು ಕೂಡ ಖಾಸಗಿ ಸ್ವಾಮ್ಯದ ನಿವೇಶನಗಳಿಗೆ ಅನ್ವಯಿಸುವುದಿಲ್ಲವೆಂದು ಸರದಿ ಮುಂದೆ ಸಾಗಿದಷ್ಟೂ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, "ಮನೆ ಸಾಲ ಇನ್ನೂ ತೀರಿಲ್ಲಮ್ಮಾ, ಯಾಕೆ ರಿಸ್ಕು" ಎಂದು ಒಳಗೆ ನಡೆದರು. ಅವರು ದ್ವೇಷಿಯಲ್ಲ, ಪಕ್ಕದ ಬೀದಿಗೆಲ್ಲ ಬೇಕಾದವರು. ಆದರೆ ಅಂಥ ಅಂಜಿಕೆಯನ್ನು ಜನಾಭಿಪ್ರಾಯವೆಂದು ಎಣಿಸಿ, ಅದರ ಆಧಾರದ ಮೇಲೆ ಮತ್ತೊಬ್ಬರ ಹಕ್ಕನ್ನು ಅಳೆಯಲಾಗದು.

ಕ್ವೀನ್ಸ್‌ಲ್ಯಾಂಡಿನದು ಪಕ್ಷರಾಜಕೀಯ, ಅದನ್ನು ಇಲ್ಲಿ ಎಳೆದು ತರುವುದು ಬೇಡ. ನ್ಯೂಜಿಲೆಂಡನ್ನು ನೋಡಬಹುದು: ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳೊಂದಿಗೆ ಬ್ರಿಟಿಷರು 1840ರಲ್ಲಿ ಮಾಡಿಕೊಂಡ ವೈತಾಂಗಿ ಒಪ್ಪಂದದ ತತ್ತ್ವಗಳನ್ನು ಹೊಸದಾಗಿ ವಿವರಿಸಿ ಜನಮತಕ್ಕೆ ಹಾಕಲು ಹೊರಟ ಮಸೂದೆಯನ್ನು 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಸತ್ತು 112–11 ಮತಗಳಿಂದ ತಳ್ಳಿಹಾಕಿತು.