ತಪ್ಪಿನ ಪುಸ್ತಕದ ಪರವಾಗಿ ನಾಲ್ಕು ಮಾತು

ಕಳೆದ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ ಮಗಳ ಕಂಪ್ಯೂಟರ್ ನೋಟ್‌ಬುಕ್ ಹಿಡಿದುಕೊಂಡು ನೇರವಾಗಿ ನನ್ನ ಮೇಜಿನ ಬಳಿಗೆ ಬಂದರು. ಮಂಡಕ್ಕಿ ಭಟ್ಟಿ ನಡೆಸುವವರು. ಮಾತು ಕಡಿಮೆ, ಲೆಕ್ಕ ಚುರುಕು. ಪುಸ್ತಕ ಬಿಚ್ಚಿ ಹಿಡಿದು, "ಮೇಡಂ, ಇದರಲ್ಲಿ ಬರೀ ತಪ್ಪುಗಳೇ ಇವೆ. ನೀವು ಒಂದಕ್ಕೂ ಕೆಂಪು ಗೆರೆ ಹಾಕಿಲ್ಲ. ಸಾಲದ್ದಕ್ಕೆ ಕೆಳಗೆ ‘ಚೆನ್ನಾಗಿದೆ’ ಎಂದು ಬೇರೆ ಬರೆದಿದ್ದೀರಿ. ನಾವು ಫೀಸು ಕಟ್ಟುವುದು ತಪ್ಪು ಕಲಿಸುವುದಕ್ಕಾ?" ಎಂದರು.

ಅವರ ಹಿಂದೆ ಸಾಲಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಹೇಳಬೇಕಾದದ್ದರಲ್ಲಿ ಕಾಲು ಭಾಗವನ್ನೂ ಹೇಳಲಾಗಲಿಲ್ಲ. ಅವರ ಕೈಯಲ್ಲಿದ್ದದ್ದು, ಮಕ್ಕಳು ತಮ್ಮ ತಪ್ಪನ್ನೂ ಅದರ ಕಾರಣವನ್ನೂ ಬರೆದಿಡುವ ‘ತಪ್ಪಿನ ಪುಸ್ತಕ’. ಉಳಿದ ಮುಕ್ಕಾಲು ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯ ಒಂದು ಕ್ರೈಸ್ತ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದೇನೆ. ನಾನು ಕ್ರೈಸ್ತಳಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಕ್ಕಳೂ ಅಲ್ಲ. ಬೆಳಗಿನ ಪ್ರಾರ್ಥನೆಯನ್ನು ಎಲ್ಲರೂ ಒಂದೇ ರಾಗದಲ್ಲಿ ಹಾಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಯಾವ ಮನೆಯ ಮಕ್ಕಳೆಂಬ ಭೇದವಿಲ್ಲದೆ ಹೋಗಿ ಬರುತ್ತಾರೆ. ದುಗ್ಗಮ್ಮನ ಜಾತ್ರೆ ಬಂದ ವರ್ಷವಂತೂ ಇಡೀ ತರಗತಿಯೇ ನಾಪತ್ತೆ. ನಮ್ಮ ಊರಿನಲ್ಲಿ ಇದು ಯಾರಿಗೂ ವಿಶೇಷವಲ್ಲ.

ಇಂಥ ಶಾಲೆಗೆ ಜನ ಮಕ್ಕಳನ್ನು ಸೇರಿಸುವುದು ಶಿಸ್ತಿಗಾಗಿ. ಇಸ್ತ್ರಿ ಮಾಡಿದ ಸಮವಸ್ತ್ರ, ಹಾಳೆಯ ಅಂಚಿಗೆ ಗೆರೆ, ಚಿತ್ತಿಲ್ಲದ ಬರಹ. ಆ ಶಿಸ್ತನ್ನು ನಾನು ಹಳಿಯುವುದಿಲ್ಲ. ನಾನೇ ಇಂಥ ಶಾಲೆಯಲ್ಲಿ ಓದಿ ಬಂದವಳು. ಆದರೆ ಏಳೆಂಟು ವರ್ಷ ಹೀಗೆ ಬೆಳೆದ ಮಗು ನನ್ನ ಲ್ಯಾಬಿಗೆ ಬಂದಾಗ ಏನಾಗಿರುತ್ತದೆ ಎಂಬುದನ್ನು ಹೇಳಲೇಬೇಕು. ಕೀಲಿಮಣೆಯ ಮೇಲೆ ಬೆರಳು ಇಟ್ಟುಕೊಂಡು ಅದು ಕೇಳುವ ಮೊದಲ ಪ್ರಶ್ನೆ, "ಮಿಸ್, ಒತ್ತಲಾ?" ಒತ್ತಿದ ಮೇಲೆ ಎರಡನೆಯ ಪ್ರಶ್ನೆ, "ಮಿಸ್, ಇದು ಸರೀನಾ?" ಪರದೆ ಎದುರಿಗೇ ಇದೆ, ಸರಿಯೋ ತಪ್ಪೋ ಎಂಬುದನ್ನು ಅದೇ ತೋರಿಸುತ್ತಿದೆ, ಮಗು ಮಾತ್ರ ನನ್ನ ಮುಖ ನೋಡುತ್ತದೆ. ಹದಿಮೂರು ವರ್ಷಕ್ಕೆ ಅದು ಕಲಿತಿರುವುದು ತಪ್ಪನ್ನು ರಬ್ಬರಿನಿಂದ ಉಜ್ಜಿ, ಊದಿ, ಗುರುತು ಸಿಗದಂತೆ ಮಾಡುವುದನ್ನು.

ಪಠ್ಯಪುಸ್ತಕದ ವಿಷಯ ಬೇಗ ಮುಗಿಸುತ್ತೇನೆ. ಮೊದಲ ಪೀಳಿಗೆಯಲ್ಲಿ ನಿರ್ವಾತ ನಳಿಗೆ, ಎರಡನೆಯದರಲ್ಲಿ ಟ್ರಾನ್ಸಿಸ್ಟರ್, ರ‍್ಯಾಮ್‌ನ ವಿಸ್ತೃತ ರೂಪ ಬರೆಯಿರಿ, ಮೌಸ್‌ನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ. ಇದನ್ನು ಕಂಪ್ಯೂಟರ್ ಶಿಕ್ಷಣ ಎನ್ನುವುದಾದರೆ ದೋಸೆ ಹಂಚಿನ ಚಿತ್ರ ಬಿಡಿಸುವವನನ್ನು ಬೆಣ್ಣೆ ದೋಸೆ ಭಟ್ಟ ಎನ್ನಬೇಕು. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳಲ್ಲಿ ನಮ್ಮ ಮಕ್ಕಳಿಗೆ ನನ್ನ ವಿಷಯದ ಒಂದು ಅಂಕವೂ ಇಲ್ಲ. ಆದ್ದರಿಂದ ವಾರಕ್ಕೆ ಸಿಗುವ ಎರಡು ಪೀರಿಯಡ್‌ಗಳಲ್ಲಿ ಒಂದನ್ನು ಗಣಿತದವರು ‘ಸಾಲ’ ಕೇಳುತ್ತಾರೆ. ಇದುವರೆಗೆ ಒಂದು ಸಾಲವೂ ತೀರಿಲ್ಲ. ಐವತ್ತನಾಲ್ಕು ಮಕ್ಕಳಿಗೆ ಚಾಲೂ ಇರುವ ಯಂತ್ರಗಳು ಹದಿನೇಳು. ಲ್ಯಾಬಿನ ಬಾಗಿಲಲ್ಲಿ ಶೂ ಕಳಚಿಡುವ ನಿಯಮವೂ ಇತ್ತು. ಕಟ್ಟುವುದು ಬಿಚ್ಚುವುದರಲ್ಲೇ ನಲವತ್ತು ನಿಮಿಷದಲ್ಲಿ ಏಳೆಂಟು ನಿಮಿಷ ಹೋಗುತ್ತಿತ್ತು. ಹೋರಾಡಿ ಅದನ್ನು ತೆಗೆಸಿದೆ. ಹನ್ನೊಂದು ವರ್ಷಗಳಲ್ಲಿ ನಾನು ತಂದ ದೊಡ್ಡ ಸುಧಾರಣೆ ಅದೇ ಇರಬಹುದು.

ದ್ವಿಮಾನ ಪದ್ಧತಿಯನ್ನು, ಅಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಎಣಿಸುವುದನ್ನು, ಕಲಿಸಲು ಯಂತ್ರವೇ ಬೇಕಿಲ್ಲ. ನಾನು ಕವಡೆ ತರುತ್ತೇನೆ. ಚೌಕಾಬಾರ ಆಡಿದ ಮಕ್ಕಳಿಗೆ ನಾಲ್ಕು ಕವಡೆ ಗೊತ್ತು: ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಆಟದಲ್ಲಿ ಎಷ್ಟು ಅಂಗಾತ ಬಿದ್ದವು ಎಂಬುದಷ್ಟೇ ಲೆಕ್ಕ, ಯಾವುದು ಎಂಬುದು ಬೇಡ. ಹಾಗಾಗಿ ಫಲಿತಾಂಶ ಐದೇ ಬಗೆ. ಈಗ ಅದೇ ಕವಡೆಗಳನ್ನು ಸಾಲಾಗಿ ಇಡಿ. ಬಲದಿಂದ ಎಡಕ್ಕೆ ಬೆಲೆ 1, 2, 4, 8. ಅಂಗಾತ ಇದ್ದರೆ ಬೆಲೆ ಉಂಟು, ಬೋರಲು ಇದ್ದರೆ ಇಲ್ಲ. ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಸಂಖ್ಯೆಗಳು ಬಂದೇ ಬಿಟ್ಟವು. ಕಂಪ್ಯೂಟರಿಗೂ ಆಟಕ್ಕೂ ಇರುವ ವ್ಯತ್ಯಾಸ ಅಷ್ಟೇ, ಅದು ಸ್ಥಾನವನ್ನು ಮರೆಯುವುದಿಲ್ಲ. ಎರಡು ಕವಡೆ ಅಂಗಾತ ಬೀಳುವ ಬಗೆಗಳನ್ನೆಲ್ಲ ಬರೆಯಲು ಹೇಳಿದಾಗ ಒಬ್ಬ ಹುಡುಗ ನಾಲ್ಕು ಬರೆದ, ಪಕ್ಕದವಳು ಐದು ಬರೆದಳು. ಜಗಳವಾಡಿ ಆರು ಎಂದು ಇಬ್ಬರೂ ಸೇರಿ ಕಂಡುಕೊಂಡರು. "ಅದಕ್ಕೇ ನಮ್ಮ ಅಜ್ಜಿಗೆ ಯಾವಾಗಲೂ ಎರಡು ಬೀಳುತ್ತದೆ" ಎಂದು ಹುಡುಗ ಹೇಳಿದಾಗ ನನಗೆ ಆ ತಿಂಗಳ ಸಂಬಳ ಸಂದಿತು.

ಇನ್ನೊಂದು ಪಾಠ ತಾನಾಗಿ ಬಂದದ್ದು. ಹುಡುಗಿಯೊಬ್ಬಳು ಕನ್ನಡದಲ್ಲಿ ‘ಸ್ತ್ರೀ’ ಎಂದು ಟೈಪ್ ಮಾಡಿದಳು. ತಪ್ಪಾಯಿತೆಂದು ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಅಕ್ಷರ ಹೋಗಲಿಲ್ಲ, ಈಕಾರ ಮಾತ್ರ ಕಳಚಿತು. ಮತ್ತೆ ಒತ್ತಿದಳು, ಒತ್ತು ಹೋಯಿತು. ಯಂತ್ರ ಕೆಟ್ಟಿತೆಂದು ಕೈ ಎತ್ತಿದಳು. ಕೆಟ್ಟಿರಲಿಲ್ಲ. ನಮ್ಮ ಕಣ್ಣಿಗೆ ಒಂದಾದ ‘ಸ್ತ್ರೀ’ ಯುನಿಕೋಡ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಲೆಕ್ಕದಲ್ಲಿ ಆರು: ಸ, ಹಲಂತ ಚಿಹ್ನೆ, ತ, ಮತ್ತೊಂದು ಹಲಂತ ಚಿಹ್ನೆ, ರ, ಕೊನೆಗೆ ಈಕಾರ. ಕಂಪ್ಯೂಟರಿನ ಒಳಗೆ ‘ಕ’ ಎಂದರೆ 3221 ಎಂಬ ಸಂಖ್ಯೆ. ಪ್ರತಿದಿನ ಹಾಡುವ ‘ಪ್ರಾರ್ಥನೆ’ ಬರಹದಲ್ಲಿ ಮೂರು ಅಕ್ಷರ, ಒಳಗೆ ಒಂಬತ್ತು. ಅದರಲ್ಲಿ ಅರ್ಕಾವತ್ತು ಕಾಣುವುದು ‘ಥ’ ಆದ ಮೇಲೆ, ‘ರ’ ಕೂತಿರುವುದು ಮೊದಲು. ತೋರುವುದು ಬೇರೆ, ಇರುವುದು ಬೇರೆ. ಇದನ್ನು ನಾನು ಭಾಷಣ ಮಾಡಿ ಹೇಳಿದ್ದರೆ ಮಕ್ಕಳು ಕಿಟಕಿ ನೋಡುತ್ತಿದ್ದರು. ಒಂದು ತಪ್ಪು ಒತ್ತಿನಿಂದ ಐವತ್ತನಾಲ್ಕು ತಲೆಗಳು ಒಂದೇ ಪರದೆಯ ಮೇಲೆ ಬಾಗಿದವು.

ಅಂದೇ ತಪ್ಪಿನ ಪುಸ್ತಕ ಶುರುವಾಯಿತು. ನಿಯಮ ಸರಳ. ಪ್ರತಿ ಪೀರಿಯಡ್‌ನಲ್ಲಿ ಒಂದಾದರೂ ತಪ್ಪು ಬರೆಯಬೇಕು: ಏನಾಗಬೇಕಿತ್ತು, ಏನಾಯಿತು, ಏಕೆ. ಕೊನೆಯಲ್ಲಿ ಕಾರಣ ಕಂಡುಹಿಡಿದವರ ಸಹಿ. ಅಳಿಸುವಂತಿಲ್ಲ. ‘ಚೆನ್ನಾಗಿದೆ’ ಎಂದು ನಾನು ಬರೆಯುವುದು ತಪ್ಪಿಗಲ್ಲ, ‘ಏಕೆ’ ಎಂಬ ಸಾಲಿಗೆ. ಕೆಂಪು ಗೆರೆಗಿಂತ ಇದು ಕಠಿಣ ಶಿಸ್ತು ಎಂದು ನಂಬಿದ್ದೇನೆ. ಕೆಂಪು ಗೆರೆ ಬಿದ್ದ ಕೂಡಲೇ ಮಗುವಿನ ಕೆಲಸ ಮುಗಿಯುತ್ತದೆ, ಇಲ್ಲಿ ಅಲ್ಲಿಂದಲೇ ಕೆಲಸ ಆರಂಭ.

ಕಾರಣ ಹುಡುಕುವುದಕ್ಕೂ ದಾರಿ ಬೇಕಲ್ಲ? ಅದಕ್ಕೆ ಗ್ರಂಥಾಲಯದಿಂದ ಕಿಟ್ಟೆಲ್ ನಿಘಂಟನ್ನು ಎತ್ತಿಕೊಂಡು ಬರುತ್ತೇನೆ. ಬಾಸೆಲ್ ಮಿಷನ್ನಿನ ಆ ಪಾದ್ರಿ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಒಂದು ಪದ ಹುಡುಕಲು ನಡುವೆ ತೆರೆದು, ಬೇಕಾದ ಅರ್ಧ ಉಳಿಸಿಕೊಂಡು, ಮತ್ತೆ ನಡುವೆ ಸೀಳುತ್ತ ಹೋದರೆ ಹೆಚ್ಚೆಂದರೆ ಹದಿನೇಳು ಸಲದಲ್ಲಿ ಪದ ಸಿಗಲೇಬೇಕು. ಮಕ್ಕಳು ನಂಬುವುದಿಲ್ಲ, ಎಣಿಸಿ ನೋಡಿ ನಂಬುತ್ತಾರೆ. (ಇಂಗ್ಲಿಷ್ ಮಾಧ್ಯಮದ ಈ ಮಕ್ಕಳಿಗೆ ‘ಹ’ ಮೊದಲೋ ‘ಳ’ ಮೊದಲೋ ಎಂಬುದೇ ತಿಳಿಯದೆ ಒಂದು ಪೀರಿಯಡ್ ಪೂರ್ತಿ ಹೋದದ್ದೂ ಉಂಟು. ಅದೂ ತಪ್ಪಿನ ಪುಸ್ತಕದಲ್ಲಿದೆ.) ಪ್ರೋಗ್ರಾಂ ಕೆಟ್ಟಾಗಲೂ ಅದೇ ಉಪಾಯ. ಮೊದಲ ಅರ್ಧವನ್ನಷ್ಟೇ ಓಡಿಸಿ. ಸರಿ ಇದ್ದರೆ ರೋಗ ಎರಡನೆಯ ಅರ್ಧದಲ್ಲಿದೆ. ಮತ್ತೆ ಅರ್ಧ ಮಾಡಿ.

ಕಳೆದ ಡಿಸೆಂಬರ್‌ನಲ್ಲಿ ಇದು ಪರೀಕ್ಷೆಗೆ ಬಂತು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಮಕ್ಕಳು ಸ್ಕ್ರ್ಯಾಚ್‌ನಲ್ಲಿ (ಮಕ್ಕಳಿಗಾಗಿಯೇ ಇರುವ ಪ್ರೋಗ್ರಾಮಿಂಗ್ ಭಾಷೆ) ಗೋದಲಿಯ ದೃಶ್ಯ ಮಾಡುತ್ತಿದ್ದರು. ನಕ್ಷತ್ರ ಮಿನುಗಬೇಕು, ಮೂವರು ಜ್ಞಾನಿಗಳು ಒಂಟೆಗಳ ಮೇಲೆ ಬರಬೇಕು. ಒಂಟೆ ಬಲತುದಿಯವರೆಗೆ ಗಂಭೀರವಾಗಿ ನಡೆದು ಹೋಯಿತು. ತುದಿಗೆ ತಾಗಿ ತಿರುಗಿದ್ದೇ ತಡ, ಜ್ಞಾನಿಯ ಸಮೇತ ಅಂಗಾತವಾಗಿ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿಕೊಂಡು ಬೆತ್ಲೆಹೇಮಿನ ಕಡೆಗೆ ಹೊರಟಿತು. ಲ್ಯಾಬಿನಲ್ಲಿ ಎದ್ದ ನಗು ಕೇಳಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಓಡಿ ಬಂದರು. ಅವರನ್ನು ಕಂಡು ಮಕ್ಕಳು ಗಪ್‌ಚುಪ್. ದೇವರ ವಿಷಯದಲ್ಲಿ ತಮಾಷೆ ಮಾಡಿದೆವೆಂದು ಬೈಗುಳ ಕಾದಿದೆ ಅಂದುಕೊಂಡರು. ಸಿಸ್ಟರ್ ಪರದೆ ನೋಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಜಾದ್ ನಗರದಿಂದ ಬರುವ ಹುಡುಗಿಯೊಬ್ಬಳು ಪ್ರೋಗ್ರಾಮನ್ನು ಅರ್ಧ ಅರ್ಧ ಮಾಡುತ್ತ ಹೋಗಿ ದೋಷವನ್ನು ಹಿಡಿದಳು. ಅಂಚಿಗೆ ತಾಗಿದ ಚಿತ್ರ ಅರ್ಧ ಸುತ್ತು ಸುತ್ತುತ್ತದೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗು ಎಂದು ನಾವು ಹೇಳಿಯೇ ಇರಲಿಲ್ಲ. ಒಂಟೆ ನಾವು ಹೇಳಿದ್ದನ್ನೇ ಮಾಡಿತ್ತು. ಮೂರೂ ಒಂಟೆಗಳ ಕೆಳಗೆ ಅವಳ ಸಹಿ ಇದೆ.

ತಪ್ಪಿನ ಪುಸ್ತಕವನ್ನು ಸಿಸ್ಟರ್ ಅಂದು ಮೊದಲ ಬಾರಿಗೆ ತಿರುವಿ ಹಾಕಿದರು. "ಇದೇನು, ನಮ್ಮ ಪಾಪನಿವೇದನೆಯ ಹಾಗಿದೆಯಲ್ಲ?" ಎಂದರು. "ಇಲ್ಲಿ ಪ್ರಾಯಶ್ಚಿತ್ತ ಇಲ್ಲ, ಸಿಸ್ಟರ್" ಎಂದೆ. "ಇದೆಯಲ್ಲ, ಮತ್ತೆ ಮಾಡಿ ನೋಡಬೇಕು" ಎಂದರು. ಆ ಉತ್ತರಕ್ಕೆ ಪ್ರತಿಯಾಗಿ ನಾನು ಅವರಿಗೆ ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಕಥೆ ಹೇಳಿದೆ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪಿಎಚ್‌ಡಿ ಪಡೆದ ಮೊದಲ ಇಬ್ಬರಲ್ಲಿ ಒಬ್ಬರು ಈ ಸಂನ್ಯಾಸಿನಿ. 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅಯೋವಾದ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗ ಕಟ್ಟಿದರು. ಈಗ ಅವರ ಚಿತ್ರ ನಮ್ಮ ಲ್ಯಾಬಿನ ಗೋಡೆಯ ಮೇಲಿದೆ. ಪಕ್ಕದಲ್ಲಿ ಧರ್ಮೋಪದೇಶದ ಮಕ್ಕಳು ತಂದು ಅಂಟಿಸಿದ ಕಾರ್ಲೊ ಅಕುಟಿಸ್, 2006ರಲ್ಲಿ ಹದಿನೈದನೇ ವಯಸ್ಸಿಗೆ ತೀರಿಕೊಂಡು 2025ರ ಸೆಪ್ಟೆಂಬರ್‌ನಲ್ಲಿ ಸಂತನೆಂದು ಘೋಷಿತನಾದ ಹುಡುಗ. ಜಾಲತಾಣ ಕಟ್ಟಿದ ಸಂತ ಎಂದು ಮಕ್ಕಳಿಗೆ ಬಹಳ ಅಚ್ಚುಮೆಚ್ಚು. ಅವನ ಜಾಲತಾಣವೂ ಮೊದಲ ಸಲಕ್ಕೇ ಸರಿಯಾಗಿ ತೆರೆದುಕೊಂಡಿರಲಾರದು ಎಂದು ನಾನು ಮಾತ್ರ ಆಗಾಗ ಸೇರಿಸುತ್ತೇನೆ.

ಇನ್ನು ಪೋಷಕರ ಕೇಳಿಕೆಗಳು. ಮಂಡಿಪೇಟೆಯ ಕಡೆಯವರು ಎಂಟನೇ ತರಗತಿಗೇ ಟ್ಯಾಲಿ (ವ್ಯಾಪಾರದ ಲೆಕ್ಕ ಬರೆಯುವ ತಂತ್ರಾಂಶ) ಕಲಿಸಿ ಎನ್ನುತ್ತಾರೆ. ಬಡಾವಣೆಯ ಕಡೆಯವರು ಜಾಹೀರಾತು ನೋಡಿ ‘ಕೋಡಿಂಗ್’ ಎನ್ನುತ್ತಾರೆ, ಮಗು ಆರು ತಿಂಗಳಲ್ಲಿ ಆ್ಯಪ್ ಮಾಡಬೇಕಂತೆ. ಕಡತ ಎಲ್ಲಿ ಸೇವ್ ಆಯಿತು ಎಂದು ಕೇಳಿದರೆ "ಗ್ಯಾಲರಿಯಲ್ಲಿ" ಎನ್ನುವ ಮಗುವಿನ ಕೈಯಲ್ಲಿ ಆ್ಯಪ್! ಮನೆಗೆಲಸವನ್ನು ಎಐ ಹತ್ತಿರ ಬರೆಸಿಕೊಂಡು ಬರುವವರೂ ಈಗ ಇದ್ದಾರೆ. ನಾನು ಬೈಯುವುದಿಲ್ಲ. ಅದರಲ್ಲಿ ಒಂದು ತಪ್ಪು ಹುಡುಕಿ, ಏಕೆ ತಪ್ಪು ಎಂದು ಬರೆದು, ಸಹಿ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ತಾವೇ ಬರೆಯುವುದು ಸುಲಭ ಎಂದು ಎರಡನೆಯ ವಾರಕ್ಕೆ ಹೆಚ್ಚಿನವರಿಗೆ ಅನ್ನಿಸಿಬಿಡುತ್ತದೆ.

ಮಂಡಕ್ಕಿ ಭಟ್ಟಿಯವರಿಗೆ ಹೇಳಬೇಕಿದ್ದ ಉತ್ತರ ನನಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ನಿಮ್ಮ ಭಟ್ಟಿಯಲ್ಲಿ ಒಂದು ಹೊತ್ತಿನ ಮಂಡಕ್ಕಿ ಸರಿಯಾಗಿ ಅರಳದಿದ್ದರೆ ನೀವು ಮೂಟೆಗೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತೀರಾ? ಮರಳು ಸಾಕಷ್ಟು ಕಾದಿರಲಿಲ್ಲವೋ, ಅಕ್ಕಿಯಲ್ಲಿ ಹಸಿ ಉಳಿದಿತ್ತೋ, ಉಪ್ಪು ಹೆಚ್ಚು ಕಡಿಮೆಯಾಯಿತೋ ಎಂದು ಹುಡುಕುವುದಿಲ್ಲವೇ? ನಿಮ್ಮ ಮಗಳೂ ಅದನ್ನೇ ಬರೆದಿದ್ದಾಳೆ. ಮುಂದಿನ ಸಭೆಗೆ ಈ ಮಾತನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.

ಹಾಗೆಂದು ನನ್ನ ಪುಸ್ತಕ ಖಾಲಿ ಎಂದು ಯಾರೂ ತಿಳಿಯಬಾರದು. ಪ್ರೋಗ್ರಾಂ ದೋಷಕ್ಕೆ ‘ಬಗ್’ (ಇಂಗ್ಲಿಷ್‌ನಲ್ಲಿ ಹುಳು) ಎಂಬ ಹೆಸರು ಹೇಗೆ ಬಂತು ಎಂಬುದನ್ನು ವರ್ಷಗಳಿಂದ ಒಂದೇ ರೀತಿ ಹೇಳುತ್ತಿದ್ದೆ: 1947ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಪತಂಗವೊಂದು ಸಿಕ್ಕಿಕೊಂಡಿತ್ತು, ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ತಂಡದವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ‘ನಿಜವಾದ ಬಗ್ ಸಿಕ್ಕಿದ ಮೊದಲ ಪ್ರಸಂಗ’ ಎಂಬರ್ಥದಲ್ಲಿ ಬರೆದರು, ಅಂದಿನಿಂದ ಆ ಹೆಸರು ಬಂತು. ಈ ಸೋಮವಾರ ಎಂಟನೇ ಬಿ ವಿಭಾಗದಲ್ಲಿ ಇದನ್ನು ಹೇಳಿ ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಮಿಸ್, ‘ನಿಜವಾದ ಬಗ್’ ಎಂದು ತಮಾಷೆಗೆ ಬರೆದಿದ್ದರೆ, ಸುಳ್ಳು ಬಗ್ ಎಂಬ ಮಾತು ಅವರಿಗೆ ಮೊದಲೇ ಗೊತ್ತಿರಬೇಕಲ್ಲ?"

ಹುಡುಕಿ ನೋಡಿದೆ. ಯಂತ್ರದ ದೋಷಕ್ಕೆ ಎಡಿಸನ್ 1878ರಲ್ಲೇ ಒಂದು ಪತ್ರದಲ್ಲಿ ಆ ಪದ ಬಳಸಿದ್ದ. ಗುರುವಾರದ ಪೀರಿಯಡ್‌ನಲ್ಲಿ ನನ್ನ ಪುಸ್ತಕ ತೆರೆದು ಮೂರು ಸಾಲು ಬರೆದೆ. ‘ಏಕೆ’ ಎಂಬಲ್ಲಿ: ಕಥೆ ಚೆನ್ನಾಗಿತ್ತು, ಆದ್ದರಿಂದ ಪರೀಕ್ಷಿಸಲಿಲ್ಲ. ಹುಡುಗನನ್ನು ಕರೆದು ಸಹಿ ಮಾಡಿಸಿದೆ. ಅವನು ದಿನಾಂಕವನ್ನೂ ಹಾಕಿ, ಕೆಳಗೆ ‘ಚೆನ್ನಾಗಿದೆ’ ಎಂದು ಬರೆದ. ಅಷ್ಟರಲ್ಲಿ ಗಣಿತದವರು ಬಾಗಿಲಲ್ಲಿ ಬಂದು ನಿಂತಿದ್ದರು, ಉಳಿದ ಹತ್ತು ನಿಮಿಷ ಸಾಲ ಕೇಳಲು.