ಮಂಪರಿನ ಬಿಲ್ಲಿನಲ್ಲಿ ನಿಮಿಷ ಎಲ್ಲಿದೆ?

ಬೆಳಗಾವಿಯ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್, ಅಂದರೆ ಚಿಕಿತ್ಸೆಯ ಚಾರ್ಟು ಓದಿ ಬಿಲ್ಲಿಗೆ ಬೇಕಾದ ಕೋಡು ಹಾಕುವ ಕೆಲಸ, ಮಾಡುವವಳು ನಾನು. ಕೈಗೆ ಬರುವುದು ಹೆಚ್ಚಾಗಿ ಕ್ಯಾಮೆರಾ ಇರುವ ನಳಿಕೆ ಇಳಿಸಿ ಹೊಟ್ಟೆ, ಕರುಳು ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಚಾರ್ಟುಗಳು. ಆ ಅನುಭವದ ಮೇಲೆ ನಮ್ಮೂರ ಬಿಲ್ಲುಗಳ ಬಗ್ಗೆ ಒಂದು ಮಾತು ಹೇಳಬೇಕಿದೆ.

ಅಮೆರಿಕದಲ್ಲಿ 2017ಕ್ಕೆ ಮುಂಚೆ ಇಂಥ ಎಷ್ಟೋ ಪ್ರೊಸೀಜರ್‌ಗಳ ಫೀಜಿನಲ್ಲೇ ಸೆಡೇಶನ್, ಅಂದರೆ ಮಂಪರು ಕೊಡುವುದು, ಸೇರಿಕೊಂಡಿರುತ್ತಿತ್ತು. ಆ ವರ್ಷದಿಂದ ಬೇರೆ ಮಾಡಿದರು. ಪ್ರೊಸೀಜರ್ ಮಾಡುವ ಡಾಕ್ಟರೇ ಮಂಪರಿನ ಔಷಧ ಕೊಡಿಸಿದರೆ, ಐದು ವರ್ಷ ತುಂಬಿದ ಪೇಶಂಟಿಗೆ ಮೊದಲ 15 ನಿಮಿಷಕ್ಕೆ 99152 ಎಂಬ ಕೋಡು, ಅದಕ್ಕಿಂತ ಚಿಕ್ಕ ಮಗುವಾದರೆ 99151, ಮುಂದಿನ ಪ್ರತಿ 15 ನಿಮಿಷಕ್ಕೆ 99153. ಹತ್ತು ನಿಮಿಷವೂ ಆಗಿರದಿದ್ದರೆ ಕೋಡೇ ಇಲ್ಲ. (ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್‌ನವರು ಹೊಟ್ಟೆಯ ಎಂಡೋಸ್ಕೋಪಿಗೆ ಜಿ0500 ಅಂತ ಬೇರೆ ಕೋಡನ್ನೇ ಕೇಳುತ್ತಾರೆ.) ಅನಸ್ತೇಶಿಯಾ ಡಾಕ್ಟರು ಬಂದು ಕೊಟ್ಟರೆ ಲೆಕ್ಕವೇ ಬೇರೆ.

ಔಷಧ ಒಳಗೆ ಹೋದಾಗಿನಿಂದ ಗಡಿಯಾರ ಶುರು. ಪ್ರೊಸೀಜರ್ ಮುಗಿದು, ಪೇಶಂಟ್ ಸ್ಥಿರವಾಗಿ, ಡಾಕ್ಟರು ಪಕ್ಕದಿಂದ ಎದ್ದು ಹೋದಾಗ ನಿಲ್ಲುತ್ತದೆ. ಆಮೇಲೆ ರಿಕವರಿಯಲ್ಲಿ ಮಲಗಿದ್ದ ಹೊತ್ತು ಲೆಕ್ಕಕ್ಕಿಲ್ಲ. ಇದರ ಜೊತೆಗೆ, ಪೇಶಂಟಿನ ಎಚ್ಚರ, ಆಕ್ಸಿಜನ್, ಬಿ.ಪಿ. ನೋಡಿಕೊಳ್ಳಲಿಕ್ಕೇ ಅಂತ ತರಬೇತಿ ಆದ ಒಬ್ಬರು ಅಲ್ಲಿ ಇರಲೇಬೇಕು.

ನನಗೆ ಮುಖ್ಯ ಅನಿಸುವುದು ಈ ಕೊನೆಯ ಮಾತು. ಮಂಪರು ತರುವ ಮಿಡಾಜೋಲಾಮ್, ನೋವು ತಗ್ಗಿಸುವ ಫೆಂಟನಿಲ್ ಎರಡೂ ಒಟ್ಟಿಗೆ ಹೋದಾಗ ಉಸಿರು ಮೆಲ್ಲಗಾಗಬಹುದು. ಸ್ಕೋಪ್ ಹಿಡಿದ ಡಾಕ್ಟರ ಕಣ್ಣು ಪರದೆಯ ಮೇಲಿರುತ್ತದೆ. ಉಸಿರು ಕಾಯುವವರು ಬೇರೆಯವರೇ ಬೇಕು. ನಿಮಿಷ ಬರೆಯಲೇಬೇಕಾದಾಗ, ಕಾಯುವವರನ್ನೂ ಅಲ್ಲಿ ಇಟ್ಟುಕೊಳ್ಳಲೇಬೇಕಾಗುತ್ತದೆ.

ಇಲ್ಲಿ ನಮ್ಮ ಮಾವನವರಿಗೆ ಕೊಲೊನೋಸ್ಕೋಪಿ ಮಾಡಿಸಿದಾಗ ಬಿಲ್ಲಿನಲ್ಲಿ ಇದ್ದದ್ದು "ಅನಸ್ತೇಶಿಯಾ ಚಾರ್ಜಸ್" ಅಂತ ಒಂದೇ ಸಾಲು, ಎದುರಿಗೆ ದುಂಡನೆಯ ಮೊತ್ತ. ಯಾರು ಕೊಟ್ಟರು, ಯಾವ ಔಷಧ ಅಂತ ಕೇಳಿದೆ. ಕೌಂಟರಿನ ಹುಡುಗ "ಎಲ್ಲಾರಿಗೂ ಅಷ್ಟ ಐತ್ರಿ ಅಕ್ಕಾರ" ಅಂದ. ಮೊತ್ತ ಜಾಸ್ತಿ ಆಯಿತು ಅಂತ ನಾನು ಅನ್ನುತ್ತಿಲ್ಲ. ಎಲ್ಲರಿಗೂ ಅಷ್ಟೇ ಹೇಗಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಅಮೆರಿಕದ ಪದ್ಧತಿ ಇಲ್ಲಿಗೆ ಬರಲಿ ಅಂತಲೂ ಅಲ್ಲ, ಅದರ ಖರ್ಚು ನಮ್ಮ ಜನ ತಡೆಯುವುದಿಲ್ಲ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಅನಸ್ತೇಶಿಯಾ ಒಳಗೇ ಬರುತ್ತದೆ, ಅದು ಹಾಗೇ ಇರಲಿ. ಆದರೆ ಪ್ಯಾಕೇಜ್ ಆದರೂ, ಕೈಯಿಂದ ಕಟ್ಟಿದರೂ, ಔಷಧದ ಹೆಸರು, ಡೋಸು, ಶುರುವಾದ ಮತ್ತು ಮುಗಿದ ಹೊತ್ತು, ನೋಡಿಕೊಂಡವರ ಹೆಸರು ಡಿಸ್ಚಾರ್ಜ್ ಪೇಪರಿನಲ್ಲಿ ಇರಬೇಕು. ಸಿಬ್ಬಂದಿ ಕಡಿಮೆ, ಬರೆಯಲು ಪುರುಸೊತ್ತಿಲ್ಲ ಎಂಬ ಡಾಕ್ಟರುಗಳ ಕಷ್ಟ ನಿಜ. ಆದರೂ ನಾಲ್ಕು ಸಾಲು ಬರೆಯಲು ಆಗದಷ್ಟು ಜನ ಕಡಿಮೆಯಿದ್ದರೆ, ಆ ರೂಮಿನಲ್ಲಿ ಪೇಶಂಟನ್ನು ಕಾಯುತ್ತಿದ್ದವರು ಯಾರು?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗೆಳೆಯರೇ, ಮನೆಯವರಿಗೆ ಸ್ಕೋಪಿ ಬರೆದುಕೊಟ್ಟರೆ ಸಹಿ ಹಾಕುವ ಮೊದಲೇ ಕೇಳಿ: ಮಂಪರು ಕೊಡುವವರು ಯಾರು, ಉಸಿರು ನೋಡುವವರು ಯಾರು, ಇದನ್ನೆಲ್ಲ ಬರೆದ ಸೆಡೇಶನ್ ಶೀಟಿನ ಕಾಪಿ ಕೊಡುತ್ತೀರಾ?